ಬಿಂದುಗಳ ಪ್ರಕ್ಷೇಪ

ಮೂರು ಆಯಾಮಗಳಲ್ಲಿ ಎಲ್ಲೋ ಇರುವ ಒಂದು ಬಿಂದುವಿನಿಂದ, ಪರಸ್ಪರ ಲಂಬವಾಗಿರುವ ಎರಡು ಅಥವಾ ಮೂರು ಸಮತಲಗಳಿಗೆ ಲಂಬ ಎಳೆದು, ಅವು ತಗಲುವ ಜಾಗಗಳನ್ನು ಗುರುತಿಸಿ, ಬಳಿಕ ಆ ಸಮತಲಗಳ ಮಡಿಕೆ ಬಿಚ್ಚಿ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ತರುವ ವಿಧಾನ. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುವವರಿಗೆ ಅಕ್ಷರ ಬರವಣಿಗೆ, ರೇಖೆಗಳ ಬಗೆ, ಸ್ಕೇಲು ಇವು ಮುಗಿದ ಮೇಲೆ ಎದುರಾಗುವ ಪಾಠ ಇದು. ಇದರ ಹಿಂದೆಯೇ ರೇಖೆಗಳ ಪ್ರಕ್ಷೇಪ, ಫಲಕಗಳ ಪ್ರಕ್ಷೇಪ, ಘನವಸ್ತುಗಳ ಪ್ರಕ್ಷೇಪ ಸಾಲಾಗಿ ಬರುತ್ತವೆ. ಬೇಗ ಮುಗಿಯುವ, ಎರಡು ಚುಕ್ಕೆ ಇಟ್ಟು ಒಂದು ಗೆರೆ ಎಳೆದರೆ ತೀರುವ ಪ್ರಶ್ನೆ ಎಂದು ವಿದ್ಯಾರ್ಥಿಗಳು ಇದನ್ನು ಹಗುರಾಗಿ ಎಣಿಸುತ್ತಾರೆ. ಆದರೆ ಮುಂದಿನ ಪಾಠಗಳಲ್ಲಿ ಹೊಸ ನಿಯಮ ಎಂಬುದು ಬಹಳ ಇಲ್ಲ. ಓರೆಯಾಗಿ ನಿಂತ ಷಟ್ಕೋನ ಪಟ್ಟಕದ ನಕ್ಷೆ ಎಂದರೆ ಅದರ ಹನ್ನೆರಡು ಮೂಲೆಗಳನ್ನು ಹನ್ನೆರಡು ಬಿಂದುಗಳೆಂದು ಎಣಿಸಿ ಇಲ್ಲಿಯ ಕೆಲಸವನ್ನೇ ಹನ್ನೆರಡು ಸಲ ಮಾಡುವುದು. ಘನವಸ್ತುವಿನ ನಕ್ಷೆಯಲ್ಲಿ ತೊಡಕಾದಾಗ ತಪ್ಪು ಸಿಗುವುದೂ ಸಾಮಾನ್ಯವಾಗಿ ಒಂದು ಮೂಲೆಯ ಸ್ಥಾನದಲ್ಲೇ.

ಪ್ರಕ್ಷೇಪಗಳಲ್ಲಿ ಎರಡು ದೊಡ್ಡ ಕುಲಗಳಿವೆ. ಎಲ್ಲ ಕಿರಣಗಳೂ ಒಂದೇ ಕಣ್ಣಿಗೆ ಬಂದು ಸೇರುತ್ತವೆ ಎಂದುಕೊಂಡು ಬರೆಯುವುದು ಯಥಾದರ್ಶನ ಚಿತ್ರ. ಚಿತ್ರಕಾರರಿಗೂ ವಾಸ್ತುಶಿಲ್ಪಿಗಳಿಗೂ ಪ್ರಿಯವಾದದ್ದು. ನೋಡುವವನು ಅನಂತ ದೂರದಲ್ಲಿದ್ದಾನೆ, ಆದ್ದರಿಂದ ಕಿರಣಗಳು ಪರಸ್ಪರ ಸಮಾಂತರ ಎಂದುಕೊಂಡು ಬರೆಯುವುದು ಸಮಾಂತರ ಪ್ರಕ್ಷೇಪ. ಆ ಸಮಾಂತರ ಕಿರಣಗಳು ಸಮತಲಕ್ಕೆ ಲಂಬವಾಗಿಯೂ ಇದ್ದರೆ ಲಂಬ ಪ್ರಕ್ಷೇಪ, ತರಗತಿಯ ಮಾತಿನಲ್ಲಿ ಆರ್ಥೋಗ್ರಾಫಿಕ್ ಪ್ರೊಜೆಕ್ಷನ್. ಕಾರ್ಖಾನೆಗೆ ಬೇಕಾದದ್ದು ಇದೇ. ಸಮತಲಕ್ಕೆ ಸಮಾಂತರವಾಗಿರುವ ಯಾವುದೇ ಅಂಚು ಇಲ್ಲಿ ತನ್ನ ನಿಜ ಅಳತೆಯಲ್ಲೇ ಕಾಣುತ್ತದೆ, ದೂರ ಹೋದಂತೆ ಚಿಕ್ಕದಾಗುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೊಂದಿದೆ. ಬಿಂದುವನ್ನು ಒಂದು ಸಮತಲದ ಮೇಲೆ ಇಳಿಸಿದೊಡನೆ ಆ ಸಮತಲದಿಂದ ಅದು ಎಷ್ಟು ದೂರ ಇತ್ತು ಎಂಬ ಮಾಹಿತಿ ಅಳಿಸಿಹೋಗುತ್ತದೆ. ಮೇಲಿನಿಂದ ನೋಡಿದಾಗ ಮಹಡಿಯ ಮೇಲಿನ ದೀಪವೂ ಅದರ ಸರಿ ಕೆಳಗೆ ನೆಲದಲ್ಲಿಟ್ಟ ನಾಣ್ಯವೂ ಒಂದೇ ಚುಕ್ಕೆ. ಆದ್ದರಿಂದಲೇ ಎರಡನೆಯ ಸಮತಲ ಬೇಕಾಗುವುದು. ಒಂದು ಕ್ಷಿತಿಜ ಸಮತಲ, ಎಲ್ಲರೂ ಎಚ್‌ಪಿ ಎನ್ನುವುದು. ಇನ್ನೊಂದು ಲಂಬ ಸಮತಲ, ಅಂದರೆ ವಿಪಿ. ಎಚ್‌ಪಿ ಮೇಲೆ ಬಿದ್ದದ್ದು ಮೇಲಿನ ನೋಟ, ವಿಪಿ ಮೇಲೆ ಬಿದ್ದದ್ದು ಎದುರು ನೋಟ. ಎರಡೂ ಸಮತಲಗಳು ಸಂಧಿಸುವ ಗೆರೆ ಆಧಾರರೇಖೆ. ಹಾಳೆಯಲ್ಲಿ ಅದರ ಎರಡು ತುದಿಗಳಿಗೆ ಎಕ್ಸ್ ಮತ್ತು ವೈ ಎಂದು ಬರೆಯುವುದರಿಂದ ಎಕ್ಸ್‌ವೈ ರೇಖೆ ಎಂಬ ಹೆಸರೇ ಬಳಕೆಯಲ್ಲಿದೆ. ನಿಜವಾದ ಬಿಂದುವಿಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಮೇಲಿನ ನೋಟಕ್ಕೆ ಅದರ ಸಣ್ಣ ಅಕ್ಷರ, ಎದುರು ನೋಟಕ್ಕೆ ಸಣ್ಣ ಅಕ್ಷರದ ತಲೆಯ ಮೇಲೆ ಒಂದು ಗೀಟು, ಪಕ್ಕದ ನೋಟಕ್ಕೆ ಎರಡು ಗೀಟು. ಇದು ನಮ್ಮ ಪಠ್ಯಪುಸ್ತಕಗಳ ರೂಢಿ.

ಎರಡು ಸಮತಲಗಳೂ ಆಧಾರರೇಖೆಯನ್ನು ದಾಟಿ ಆಚೆಗೂ ಹರಡಿವೆ ಎಂದುಕೊಂಡರೆ ಸುತ್ತಲಿನ ಜಾಗ ನಾಲ್ಕು ಪಾಲಾಗುತ್ತದೆ. ಎಚ್‌ಪಿಗಿಂತ ಮೇಲೆ, ವಿಪಿಯ ಮುಂದೆ ಇದ್ದರೆ ಮೊದಲನೆಯ ಕ್ವಾಡ್ರಂಟ್. ಮೇಲೆ ಮತ್ತು ಹಿಂದೆ ಇದ್ದರೆ ಎರಡನೆಯದು, ಕೆಳಗೆ ಮತ್ತು ಹಿಂದೆ ಇದ್ದರೆ ಮೂರನೆಯದು, ಕೆಳಗೆ ಮತ್ತು ಮುಂದೆ ಇದ್ದರೆ ನಾಲ್ಕನೆಯದು. ಇದನ್ನು ಕೋಷ್ಟಕ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿ ಎಲ್ಲೆಡೆ ಇದೆ, ಮತ್ತು ಅದು ಒಳ್ಳೆಯ ಪದ್ಧತಿಯಲ್ಲ. ಎಡ ಪಕ್ಕದಲ್ಲಿ ನಿಂತು ಆಧಾರರೇಖೆಯ ಉದ್ದಕ್ಕೆ ಕಣ್ಣು ಹಾಯಿಸಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ. ಅಲ್ಲಿಂದ ನೋಡಿದಾಗ ಆಧಾರರೇಖೆ ಒಂದು ಚುಕ್ಕೆಯಾಗಿ, ಎಚ್‌ಪಿ ಒಂದು ಅಡ್ಡ ಗೆರೆಯಾಗಿ, ವಿಪಿ ಒಂದು ನೆಟ್ಟ ಗೆರೆಯಾಗಿ ಕಾಣುತ್ತವೆ. ವಿಪಿಯ ಮುಂಭಾಗ ನೋಡುವವನ ಬಲಕ್ಕೆ ಬರುತ್ತದೆ. ಆಗ ಬಲ ಮೇಲಿನದು ಮೊದಲನೆಯ ಕ್ವಾಡ್ರಂಟ್, ಎಡ ಮೇಲಿನದು ಎರಡನೆಯದು, ಎಡ ಕೆಳಗಿನದು ಮೂರನೆಯದು, ಬಲ ಕೆಳಗಿನದು ನಾಲ್ಕನೆಯದು. ಹೈಸ್ಕೂಲಿನ ಗ್ರಾಫ್ ಹಾಳೆಯಲ್ಲಿ ಎಣಿಸಿದ ಕ್ರಮವೇ ಇದು, ಅಪ್ರದಕ್ಷಿಣವಾಗಿ.

ಇನ್ನು ಮಡಿಕೆ ಬಿಚ್ಚುವುದು. ವಿಪಿಯನ್ನು ಅಲುಗಿಸದೆ, ಎಚ್‌ಪಿಯನ್ನು ಆಧಾರರೇಖೆಯ ಮೇಲೆ ಕೀಲಿಟ್ಟಂತೆ 90 ಡಿಗ್ರಿ ಪ್ರದಕ್ಷಿಣವಾಗಿ ತಿರುಗಿಸಬೇಕು. ವಿಪಿಯ ಮುಂದಿದ್ದ ಅದರ ಭಾಗ ಕೆಳಕ್ಕೆ ಇಳಿಯುತ್ತದೆ, ಹಿಂದಿದ್ದ ಭಾಗ ಮೇಲಕ್ಕೆ ಏರುತ್ತದೆ. ವಿದ್ಯಾರ್ಥಿ ಎಡವುವ ಜಾಗ ಇದೊಂದೇ ಎನ್ನಬಹುದು. ಗಣಿತವೇನೂ ಇಲ್ಲಿ ಕಷ್ಟದ್ದಲ್ಲ. ಹಿಂದೆ ಇರುವುದು ಹಾಳೆಯ ಮೇಲೆ ಏಕೆ ಮೇಲಕ್ಕೆ ಹೋಗುತ್ತದೆ ಎಂಬುದು ಕಣ್ಣಿಗೆ ಕಟ್ಟಬೇಕು. ಅದು ಕಟ್ಟಿದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ. ಮೊದಲನೆಯ ಕ್ವಾಡ್ರಂಟಿನ ಬಿಂದುವಿಗೆ ಎದುರು ನೋಟ ಎಕ್ಸ್‌ವೈ ರೇಖೆಯ ಮೇಲೆ, ಮೇಲಿನ ನೋಟ ಕೆಳಗೆ. ಮೂರನೆಯದರಲ್ಲಿ ಇದು ಅದಲುಬದಲು. ಎರಡನೆಯದರಲ್ಲಿ ಎರಡೂ ನೋಟಗಳು ರೇಖೆಯ ಮೇಲೆ, ನಾಲ್ಕನೆಯದರಲ್ಲಿ ಎರಡೂ ಕೆಳಗೆ.

ಒಂದು ಬಿಂದು ಎಚ್‌ಪಿಯಿಂದ 30 ಮಿ.ಮೀ. ಮೇಲೆ, ವಿಪಿಯಿಂದ 40 ಮಿ.ಮೀ. ಮುಂದೆ ಇದೆ ಎನ್ನೋಣ. ಹಾಳೆಯಲ್ಲಿ ಎಕ್ಸ್‌ವೈ ರೇಖೆ ಎಳೆದು, ಅದಕ್ಕೆ ಅಡ್ಡವಾಗಿ 2ಎಚ್ ಪೆನ್ಸಿಲಿನಿಂದ ತೆಳುವಾದ ಒಂದು ಲಂಬ ಎಳೆಯಬೇಕು. ಇದು ಪ್ರಕ್ಷೇಪ ರೇಖೆ. ಅದರ ಮೇಲೆ 30 ಮೇಲಕ್ಕೆ ಎದುರು ನೋಟ, 40 ಕೆಳಕ್ಕೆ ಮೇಲಿನ ನೋಟ. ಇಲ್ಲೊಂದು ಅಡ್ಡದಾರಿಯ ತಪ್ಪು ಕಾದಿರುತ್ತದೆ. ಎದುರು ನೋಟ ವಿಪಿಯ ಮೇಲಿದ್ದರೂ ಅದು ರೇಖೆಯಿಂದ ಇರುವ ದೂರ ಹೇಳುವುದು ಎಚ್‌ಪಿಯಿಂದ ಬಿಂದುವಿನ ದೂರವನ್ನು. ಎಚ್‌ಪಿಯ ಮೇಲಿರುವ ಮೇಲಿನ ನೋಟ ಹೇಳುವುದು ವಿಪಿಯಿಂದ ಇರುವ ದೂರವನ್ನು. ಪ್ರತಿಯೊಂದು ಸಮತಲವೂ ತನ್ನಿಂದ ಬಿಂದು ಎಷ್ಟು ದೂರ ಎಂಬುದನ್ನು ಕಳೆದುಕೊಂಡು, ಪಕ್ಕದ ಸಮತಲದ ಲೆಕ್ಕವನ್ನು ಇಟ್ಟುಕೊಳ್ಳುತ್ತದೆ. ಬಿಂದು ಎಚ್‌ಪಿಯ ಮೇಲೆಯೇ ಇದ್ದರೆ ಎಕ್ಸ್‌ವೈ ರೇಖೆಯ ಮೇಲೆ ಬೀಳುವುದು ಎದುರು ನೋಟ. ಮೇಲಿನ ನೋಟ ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ.

ಎರಡು ನೋಟಗಳೂ ಒಂದೇ ಲಂಬದ ಮೇಲೆ ಬೀಳಲೇಬೇಕು ಎಂಬ ನಿಯಮವನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಇಡೀ ವಿಷಯದ ಜೀವ ಅದರಲ್ಲಿದೆ. ಮೂರು ಆಯಾಮದ ಬಿಂದುವಿಗೆ ಬೇಕಾದದ್ದು ಮೂರು ಸಂಖ್ಯೆ: ಎಡ-ಬಲ, ಎತ್ತರ, ಆಳ. ಒಂದೊಂದು ನೋಟವೂ ಚಪ್ಪಟೆ ಹಾಳೆಯ ಮೇಲಿನ ಚುಕ್ಕೆಯಾದ್ದರಿಂದ ಎರಡೆರಡು ಸಂಖ್ಯೆ ಕೊಡುತ್ತದೆ. ಎದುರು ನೋಟ ಎಡ-ಬಲವನ್ನೂ ಎತ್ತರವನ್ನೂ ಕೊಡುತ್ತದೆ. ಮೇಲಿನ ನೋಟ ಎಡ-ಬಲವನ್ನೂ ಆಳವನ್ನೂ. ಒಟ್ಟು ನಾಲ್ಕು ಸಂಖ್ಯೆಗಳಾದವು, ಒಂದು ಹೆಚ್ಚಾಯಿತು. ಎಡ-ಬಲ ಎರಡು ಸಲ ಬಂದಿದೆ, ಎರಡು ಸಲವೂ ಅದು ಒಂದೇ ಆಗಿರಬೇಕು. ಒಂದೇ ಪ್ರಕ್ಷೇಪ ರೇಖೆಯ ಮೇಲೆ ಎರಡೂ ಚುಕ್ಕೆಗಳು ಬೀಳುವುದೆಂದರೆ ಈ ಒಪ್ಪಂದ. ಹಾಳೆಯ ಮೇಲೆ ಮನಸ್ಸಿಗೆ ಬಂದಲ್ಲಿ ಎರಡು ಚುಕ್ಕೆ ಇಟ್ಟರೆ ಅವಕ್ಕೆ ಹೊಂದುವ ಬಿಂದು ಜಗತ್ತಿನಲ್ಲಿ ಎಲ್ಲೂ ಇರುವುದಿಲ್ಲ. ಹೆಚ್ಚಾದ ಆ ನಾಲ್ಕನೆಯ ಸಂಖ್ಯೆಯೇ ನಕ್ಷೆಯನ್ನು ಪರೀಕ್ಷಿಸುವ ಸಾಧನವೂ ಹೌದು. ಎರಡು ಕ್ಯಾಮೆರಾಗಳ ಚಿತ್ರಗಳಿಂದ ದೂರ ಲೆಕ್ಕ ಹಾಕುವ ಇಂದಿನ ಕಂಪ್ಯೂಟರ್ ದೃಷ್ಟಿ ವಿಜ್ಞಾನದಲ್ಲಿ ಎಪಿಪೋಲಾರ್ ರೇಖೆ ಎನ್ನುವುದು ಇದೇ ಒಪ್ಪಂದದ ಹೆಚ್ಚು ಸಾಮಾನ್ಯವಾದ ರೂಪ: ಒಂದು ಚಿತ್ರದಲ್ಲಿ ಬಿಂದು ಎಲ್ಲಿದೆ ಎಂದು ಗೊತ್ತಾದರೆ ಇನ್ನೊಂದರಲ್ಲಿ ಅದು ಯಾವ ಗೆರೆಯ ಮೇಲಿರಬೇಕೆಂಬುದು ನಿಶ್ಚಿತ.

ನಕ್ಷೆ ಬರೆಯುವುದಕ್ಕಿಂತ ಓದುವುದೇ ಕಷ್ಟ, ಮತ್ತು ಪ್ರಶ್ನೆಪತ್ರಿಕೆ ತಯಾರಿಸುವವರು ಇದನ್ನು ಚೆನ್ನಾಗಿ ಬಲ್ಲರು. ಮೇಲಿನ ನೋಟ ಎಕ್ಸ್‌ವೈ ರೇಖೆಯಿಂದ 35 ಮಿ.ಮೀ. ಕೆಳಗಿದೆ, ಎದುರು ನೋಟ ಮೇಲಿನ ನೋಟಕ್ಕಿಂತ 60 ಮಿ.ಮೀ. ಮೇಲಿದೆ, ಬಿಂದು ಎಲ್ಲಿದೆ? ಮೇಲಿನ ನೋಟ ಕೆಳಗಿರುವುದರಿಂದ ಬಿಂದು ವಿಪಿಯ ಮುಂದೆ. ಎದುರು ನೋಟ ರೇಖೆಗಿಂತ 25 ಮೇಲೆ ಬಂತು, ಆದ್ದರಿಂದ ಎಚ್‌ಪಿಯ ಮೇಲೆ, ಮೊದಲನೆಯ ಕ್ವಾಡ್ರಂಟ್. ಇದೇ ಪ್ರಶ್ನೆಯಲ್ಲಿ ‘ಮೇಲಿದೆ’ ಎಂಬುದರ ಬದಲು ‘ಕೆಳಗಿದೆ’ ಎಂದು ಒಂದು ಪದ ಬದಲಾಯಿಸಿದರೆ ಎದುರು ನೋಟ ರೇಖೆಯ 95 ಕೆಳಗೆ ಹೋಗಿ ಬಿಂದು ನಾಲ್ಕನೆಯ ಕ್ವಾಡ್ರಂಟಿಗೆ ಜಾರುತ್ತದೆ.

ಎರಡು ಸಮತಲಗಳಿಂದಲೂ ಸಮದೂರದಲ್ಲಿರುವ ಬಿಂದುಗಳದ್ದು ಒಂದು ಸ್ವಾರಸ್ಯ. ಅಂಥವು ಮೊದಲ ಅಥವಾ ಮೂರನೆಯ ಕ್ವಾಡ್ರಂಟಿನಲ್ಲಿದ್ದರೆ ಎರಡು ನೋಟಗಳೂ ಎಕ್ಸ್‌ವೈ ರೇಖೆಯ ಎರಡು ಬದಿಗೆ ಸಮನಾಗಿ ನಿಲ್ಲುತ್ತವೆ. ಎರಡನೆಯ ಅಥವಾ ನಾಲ್ಕನೆಯದರಲ್ಲಿದ್ದರೆ ಎರಡೂ ಒಂದೇ ಚುಕ್ಕೆಯಾಗುತ್ತವೆ. ಒಂದು ಬಿಂದುವಿಗಾದರೆ ಪರವಾಗಿಲ್ಲ, ಇಡೀ ವಸ್ತುವನ್ನು ಆ ಕ್ವಾಡ್ರಂಟುಗಳಲ್ಲಿ ಇಟ್ಟರೆ ಎದುರು ನೋಟ ಮತ್ತು ಮೇಲಿನ ನೋಟ ಒಂದರ ಮೇಲೊಂದು ಬಿದ್ದು ನಕ್ಷೆ ಓದಲಾಗದಂತೆ ಗೋಜಲಾಗುತ್ತದೆ. ಕಾರ್ಖಾನೆಯ ನಕ್ಷೆಗಳಲ್ಲಿ ವಸ್ತುವನ್ನು ಮೊದಲನೆಯ ಕ್ವಾಡ್ರಂಟಿನಲ್ಲಿಡುವ ಫಸ್ಟ್ ಆಂಗಲ್ ಮತ್ತು ಮೂರನೆಯದರಲ್ಲಿಡುವ ಥರ್ಡ್ ಆಂಗಲ್ ಪದ್ಧತಿಗಳು ಮಾತ್ರ ಉಳಿದಿರುವುದು ಈ ಕಾರಣಕ್ಕೆ.

ಎಚ್‌ಪಿ, ವಿಪಿ ಎರಡಕ್ಕೂ ಲಂಬವಾದ ಮೂರನೆಯ ಸಮತಲವನ್ನು ಪ್ರೊಫೈಲ್ ಪ್ಲೇನ್ ಎನ್ನುತ್ತಾರೆ. ಅದರ ಮೇಲೆ ಬೀಳುವುದು ಪಕ್ಕದ ನೋಟ. ಎತ್ತರ, ಆಳ ಎರಡೂ ಒಟ್ಟಿಗೆ ಕಾಣುವುದು ಇಲ್ಲಿ ಮಾತ್ರ. ಮೂರನೆಯ ಕ್ವಾಡ್ರಂಟಿನಲ್ಲಿರುವ ಬಿಂದುವೊಂದು ಎಚ್‌ಪಿಗಿಂತ 28 ಮಿ.ಮೀ. ಕೆಳಗಿದೆ, ಆಧಾರರೇಖೆಯಿಂದ ಅದರ ಕನಿಷ್ಠ ದೂರ 53 ಮಿ.ಮೀ.; ವಿಪಿಯಿಂದ ಎಷ್ಟು ದೂರ? ಎದುರು ನೋಟ, ಮೇಲಿನ ನೋಟ ಹಿಡಿದು ಹೊರಟರೆ ದಾರಿ ಕಾಣುವುದಿಲ್ಲ. ಪಕ್ಕದ ನೋಟದಲ್ಲಿ ಆಧಾರರೇಖೆ ಒಂದು ಚುಕ್ಕೆಯಾಗುವುದರಿಂದ, ಅಲ್ಲಿಂದ 53ರ ತ್ರಿಜ್ಯದ ಕಂಸ ಎಳೆದು, ಅಡ್ಡ ಗೆರೆಯ 28 ಕೆಳಗೆ ಸಮಾಂತರ ಎಳೆದು, ಎರಡೂ ಕತ್ತರಿಸುವಲ್ಲಿ ಅಳೆದರೆ 45 ಸಿಗುತ್ತದೆ. ಪೈಥಾಗೊರಸ್ ಕೂಡ ಅದನ್ನೇ ಹೇಳುತ್ತಾನೆ.

ಎರಡು ಬಿಂದುಗಳ ನಡುವಣ ನಿಜ ದೂರಕ್ಕೆ ಬಂದಾಗ ನೋಟಗಳನ್ನು ನಂಬುವಂತಿಲ್ಲ. ಒಂದು ಬಿಂದು ಎಚ್‌ಪಿಯಿಂದ 15 ಮೇಲೆ, ವಿಪಿಯಿಂದ 20 ಮುಂದೆ. ಇನ್ನೊಂದು 35 ಮೇಲೆ, 50 ಮುಂದೆ. ಅವುಗಳ ಪ್ರಕ್ಷೇಪ ರೇಖೆಗಳ ನಡುವೆ 60 ಮಿ.ಮೀ. ಎದುರು ನೋಟದಲ್ಲಿ ಅವುಗಳ ಅಂತರ ಸುಮಾರು 63.2, ಮೇಲಿನ ನೋಟದಲ್ಲಿ ಸುಮಾರು 67.1. ನಿಜವಾದ ಅಂತರ 70. ಎರಡೂ ನೋಟಗಳು ಕಡಿಮೆ ಹೇಳುತ್ತವೆ, ಹೆಚ್ಚು ಹೇಳುವುದು ಲಂಬ ಪ್ರಕ್ಷೇಪದಲ್ಲಿ ಸಾಧ್ಯವೇ ಇಲ್ಲ. ನಿಜ ಉದ್ದವನ್ನು ಲೆಕ್ಕವಿಲ್ಲದೆ ಗೆರೆಯಿಂದಲೇ ತೆಗೆಯಬೇಕಾದರೆ ಸಹಾಯಕ ಸಮತಲವೊಂದನ್ನು ಹೂಡುತ್ತಾರೆ. ಮೇಲಿನ ನೋಟದಲ್ಲಿ ಎರಡು ಬಿಂದುಗಳನ್ನು ಕೂಡಿಸುವ ಗೆರೆಗೆ ಸಮಾಂತರವಾಗಿ ಹೊಸ ಆಧಾರರೇಖೆ ಎಳೆದು, ಅದಕ್ಕೆ ಲಂಬಗಳನ್ನು ಚಾಚಿ, ಅವುಗಳ ಮೇಲೆ ಹಳೆಯ ಎತ್ತರಗಳಾದ 15 ಮತ್ತು 35ನ್ನೇ ಗುರುತಿಸಿದರೆ, ಹೊಸ ನೋಟದಲ್ಲಿ ಅಂತರ ಸರಿಯಾಗಿ 70 ಬರುತ್ತದೆ. ಸಮತಲ ಬದಲಾದರೂ ಎಚ್‌ಪಿಯಿಂದ ಎತ್ತರ ಬದಲಾಗಲಿಲ್ಲ ಎಂಬುದಷ್ಟೇ ಇದರ ಗುಟ್ಟು.

ತಳವಿನ್ಯಾಸ ಮತ್ತು ಎದುರು ನೋಟಗಳನ್ನು ಬೇರೆಬೇರೆಯಾಗಿ ಬರೆಯುವುದು ಬಹಳ ಹಳೆಯ ಪದ್ಧತಿ. ಮಧ್ಯಪ್ರದೇಶದ ಭೋಜಪುರದಲ್ಲಿ 11ನೆಯ ಶತಮಾನದ ಅಪೂರ್ಣ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದಿಟ್ಟ ವಿನ್ಯಾಸದ ಗೆರೆಗಳು ಇಂದಿಗೂ ಕಾಣುತ್ತವೆ. ಜರ್ಮನಿಯ ಚಿತ್ರಕಾರ ಅಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಅಳತೆಯ ಬಗ್ಗೆ ಬರೆದ ಪುಸ್ತಕದಲ್ಲೂ, 1528ರಲ್ಲಿ ಅಚ್ಚಾದ ಮಾನವ ದೇಹದ ಪ್ರಮಾಣಗಳ ಪುಸ್ತಕದಲ್ಲೂ ಒಂದು ನೋಟದಿಂದ ಇನ್ನೊಂದಕ್ಕೆ ಗೆರೆ ಹಾಯಿಸುವ ಕ್ರಮವನ್ನು ಬಳಸಿದ. ಕಮಾನು, ಗುಮ್ಮಟಗಳಿಗೆ ಕಲ್ಲು ಕತ್ತರಿಸುವ ಫ್ರಾನ್ಸಿನ ಕಸುಬುದಾರರ ಲೆಕ್ಕಾಚಾರಗಳನ್ನು ಸೇನಾ ಎಂಜಿನಿಯರ್ ಅಮೆಡೆ ಫ್ರಾಂಸ್ವಾ ಫ್ರೇಜಿಯೇ 1730ರ ದಶಕದ ಕೊನೆಯಲ್ಲಿ ದೊಡ್ಡ ಗ್ರಂಥವಾಗಿ ತಂದ. ಕೈಚಳಕವೆಲ್ಲ ಆಗಲೇ ಇತ್ತು. ಎಲ್ಲ ಬಗೆಯ ಆಕೃತಿಗೂ ಒಂದೇ ನಿಯಮದಿಂದ ಉತ್ತರ ಕೊಡುವ ಶಾಸ್ತ್ರವಾಗಿ ಅದನ್ನು ಕಟ್ಟಿದವನು ಗಾಸ್ಪಾರ್ ಮೊಂಜ್.

ಮೊಂಜ್ ಹುಟ್ಟಿದ್ದು 1746ರಲ್ಲಿ, ಫ್ರಾನ್ಸಿನ ಬೋನ್ ಪಟ್ಟಣದಲ್ಲಿ. ವ್ಯಾಪಾರಿಯ ಮಗ. ಮೆಜಿಯೇರಿನ ರಾಜ ಸೇನಾ ಎಂಜಿನಿಯರಿಂಗ್ ಶಾಲೆಗೆ ಹುಡುಗನಾಗಿ ಸೇರಿದಾಗ, ಕುಲೀನನಲ್ಲದ ಕಾರಣ ಅಧಿಕಾರಿಗಳ ವರ್ಗಕ್ಕೆ ಪ್ರವೇಶವಿಲ್ಲದೆ, ನಕ್ಷೆ ತೆಗೆಯುವ ಕೆಲಸಕ್ಕೆ ನಿಂತ. ಕೋಟೆಯ ಗೋಡೆ ಎಷ್ಟೆತ್ತರ ಇದ್ದರೆ ಸುತ್ತಲಿನ ಗುಡ್ಡಗಳ ಮೇಲಿಂದ ಹೊಡೆದ ಗುಂಡು ಒಳಗಿನವರಿಗೆ ತಗಲುವುದಿಲ್ಲ ಎಂಬುದನ್ನು ಕಂಡುಹಿಡಿಯಲು ಆಗ ಉದ್ದುದ್ದ ಅಂಕಗಣಿತ ಮಾಡಬೇಕಿತ್ತು. ಮೊಂಜ್ ಅದನ್ನು ಗೆರೆಗಳಿಂದ ಬೇಗನೆ ಬಿಡಿಸಿ ತಂದಾಗ, ಇಷ್ಟು ಬೇಗ ಲೆಕ್ಕ ಮುಗಿಯಲಾರದೆಂದು ಮೇಲಧಿಕಾರಿ ಅದನ್ನು ನೋಡಲೂ ಒಪ್ಪಲಿಲ್ಲ ಎಂಬುದು ಅವನ ಜೀವನಚರಿತ್ರೆಗಳಲ್ಲಿ ಬರುವ ಪ್ರಸಂಗ. ನೋಡಿದ ಮೇಲೆ ವಿಧಾನವನ್ನು ಸೇನೆಯ ಗುಟ್ಟಾಗಿ ಇಟ್ಟರು. ಫ್ರೆಂಚ್ ಕ್ರಾಂತಿಯ ನಂತರ, 1795ರಲ್ಲಿ ಪ್ಯಾರಿಸಿನ ಎಕೋಲ್ ನಾರ್ಮಾಲ್‌ನಲ್ಲಿ ಅವನು ಬಹಿರಂಗವಾಗಿ ಪಾಠ ಹೇಳಿದ. ಶೀಘ್ರಲಿಪಿಯಲ್ಲಿ ಬರೆದುಕೊಂಡ ಆ ಪಾಠಗಳೇ 1799ರಲ್ಲಿ ಪುಸ್ತಕವಾದವು. ಅವನು ಆಗ ನೆಪೋಲಿಯನ್ನನ ದಂಡಿನೊಂದಿಗೆ ಈಜಿಪ್ಟಿಗೆ ಹೋಗಿದ್ದ, ಪುಸ್ತಕ ಹೊರತಂದವನು ಶಿಷ್ಯ ಅಶೆಟ್. ಈ ಶಾಸ್ತ್ರಕ್ಕೆ ಅವನಿಟ್ಟ ಹೆಸರು ವಿವರಣಾತ್ಮಕ ಜ್ಯಾಮಿತಿ. ಅವನು ತಿರುಗಿಸಿದ್ದು ಲಂಬ ಸಮತಲವನ್ನು, ನಾವು ತಿರುಗಿಸುವುದು ಕ್ಷಿತಿಜ ಸಮತಲವನ್ನು; ಹಾಳೆಯ ಮೇಲೆ ಎರಡಕ್ಕೂ ಫಲ ಒಂದೇ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಇದನ್ನು ಒಯ್ದವನು ಕ್ಲಾಡಿಯಸ್ ಕ್ರೋಜೆ ಎಂಬ ಫ್ರೆಂಚ್ ಎಂಜಿನಿಯರ್. 1821ರಲ್ಲಿ ಅವನ ಇಂಗ್ಲಿಷ್ ಪಠ್ಯ ಬಂತು.

ಫಸ್ಟ್ ಆಂಗಲ್‌ನಲ್ಲಿ ವಸ್ತು ನೋಡುವವನಿಗೂ ಸಮತಲಕ್ಕೂ ನಡುವೆ ಇರುತ್ತದೆ. ಥರ್ಡ್ ಆಂಗಲ್‌ನಲ್ಲಿ ನೋಡುವವನಿಗೂ ವಸ್ತುವಿಗೂ ನಡುವೆ ಸಮತಲವಿದ್ದು, ಅದು ಪಾರದರ್ಶಕ ಎಂದು ಭಾವಿಸಬೇಕು. ಮೊದಲನೆಯದರಲ್ಲಿ ಮೇಲಿನ ನೋಟ ಕೆಳಗೂ ಎಡಗಡೆಯಿಂದ ಕಂಡದ್ದು ಬಲಕ್ಕೂ ಹೋಗುತ್ತವೆ. ಎರಡನೆಯದರಲ್ಲಿ ಮೇಲಿನದು ಮೇಲೆ, ಎಡದ್ದು ಎಡಕ್ಕೆ. ನೇರವಾಗಿ ಹೇಳುವುದಾದರೆ ಥರ್ಡ್ ಆಂಗಲ್ ಓದಲು ಸಲೀಸು. ಅಮೆರಿಕ, ಕೆನಡಾ, ಜಪಾನ್ ಅದನ್ನೇ ಹಿಡಿದಿವೆ. ಯುರೋಪಿನ ಹೆಚ್ಚಿನ ಭಾಗ ಮತ್ತು ಭಾರತ ಫಸ್ಟ್ ಆಂಗಲ್‌ನಲ್ಲಿವೆ. ಭಾರತೀಯ ಮಾನಕ ಬ್ಯೂರೋ ಶಾಲೆ-ಕಾಲೇಜುಗಳಿಗಾಗಿ 1988ರಲ್ಲಿ ಪ್ರಕಟಿಸಿದ ಎಸ್‌ಪಿ 46 ಎಂಬ ಕೈಪಿಡಿ ನಮ್ಮ ತರಗತಿಗಳಲ್ಲಿ ಈ ರೂಢಿಗೆ ಆಧಾರ; 2003ರಲ್ಲಿ ಅದು ಪರಿಷ್ಕಾರಗೊಂಡಿತು. ಯಾವ ಪದ್ಧತಿ ಎಂಬುದನ್ನು ನಕ್ಷೆಯ ಟೈಟಲ್ ಬ್ಲಾಕಿನಲ್ಲಿ ತುದಿ ಕತ್ತರಿಸಿದ ಶಂಕುವಿನ ಚಿಹ್ನೆಯಿಂದ ಸೂಚಿಸುತ್ತಾರೆ. ಸಣ್ಣ ತುದಿ ಎಡಕ್ಕಿರುವ ಶಂಕುವಿನ ಬಲಕ್ಕೆ ಎರಡು ವೃತ್ತಗಳಿದ್ದರೆ ಫಸ್ಟ್ ಆಂಗಲ್, ವೃತ್ತಗಳು ಎಡಕ್ಕಿದ್ದರೆ ಥರ್ಡ್. ಈ ಪುಟ್ಟ ಚಿಹ್ನೆಯನ್ನು ನೋಡದೆ ಲೋಹ ಕತ್ತರಿಸಿದರೆ, ಎಡ-ಬಲ ಭೇದವಿರುವ ಭಾಗವೊಂದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ತಯಾರಾಗುತ್ತದೆ. ಅಮೆರಿಕದ ಕಂಪನಿಗಳಿಗೆ ವಿನ್ಯಾಸ ಮಾಡಿಕೊಡುವ ಬೆಂಗಳೂರಿನ ಕಚೇರಿಗಳಲ್ಲಿ, ಕಾಲೇಜಿನಲ್ಲಿ ಫಸ್ಟ್ ಆಂಗಲ್ ಕಲಿತು ಬಂದವರು ಕಣ್ಣನ್ನು ಹೊಸದಾಗಿ ಪಳಗಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದೆ ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್, ಹಾಳೆಗಳ ರೋಲು ಹೊತ್ತು ಬರುತ್ತಿದ್ದ ಮೊದಲ ವರ್ಷದವರು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ಕಂಪ್ಯೂಟರಿನಲ್ಲೇ ಹೆಚ್ಚಿನ ನಕ್ಷೆ ತೆಗೆಯುತ್ತಾರೆ, ಜೊತೆಗೆ ಸ್ಕೆಚ್ ಪುಸ್ತಕದಲ್ಲಿ ಕೈಯಿಂದಲೂ ಬರೆಯುತ್ತಾರೆ. ಕೈಯಿಂದ ಬರೆಯುವುದನ್ನು ಉಳಿಸಿಕೊಂಡದ್ದು ಸರಿಯಾದ ಕ್ರಮ. ಗಣಕದೊಳಗೆ ಬಿಂದು ಎಂದರೆ ಮೂರು ಸಂಖ್ಯೆ, ಪ್ರಕ್ಷೇಪ ಎಂದರೆ ಅವುಗಳಲ್ಲೊಂದನ್ನು ಕೈಬಿಡುವುದು. ಆ ಕೆಲಸ ಕ್ಷಣಾರ್ಧದಲ್ಲಿ ತೆರೆಯ ಹಿಂದೆ ನಡೆದುಹೋಗುವುದರಿಂದ ಸಮತಲ ತಿರುಗಿದ್ದು ಯಾರಿಗೂ ಕಾಣುವುದಿಲ್ಲ. ಮೂರು ಆಯಾಮದ ಮಾದರಿಯನ್ನು ಮೊದಲು ಕಟ್ಟಿ ನೋಟಗಳನ್ನು ತಾನಾಗಿ ತೆಗೆಸುವ ತಂತ್ರಾಂಶಗಳಲ್ಲಂತೂ ಯಾವ ನೋಟ ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಟೆಂಪ್ಲೇಟಿನೊಳಗಿನ ಒಂದು ಆಯ್ಕೆ. ಅಮೆರಿಕದ ಮಾನಕದ ಟೆಂಪ್ಲೇಟು ತೆರೆದುಕೊಂಡಿದ್ದರೆ ಎಲ್ಲ ನೋಟಗಳೂ ಥರ್ಡ್ ಆಂಗಲ್‌ನಲ್ಲೇ ಬಂದು ಕೂರುತ್ತವೆ, ಮುದ್ರಿಸುವ ಮುನ್ನ ಅದನ್ನು ಬದಲಿಸಿಕೊಳ್ಳಬೇಕು.